ಎಡಗಣ್ಣಿನ ಸಸಿ

ಸಿಂಧನೂರಿನಿಂದ ಮಸ್ಕಿಗೆ ಹೊರಟ ಬಸ್ಸಿನಲ್ಲಿ ಮುದುಕಪ್ಪನಿಗೆ ಹಾಡಹಗಲೇ ಕನಸು ಬಿತ್ತು. ಮಗಳು ಯಶೋಧರಾಳ ಬಲಗಣ್ಣು ಒಂದು ಗದ್ದೆಯಾಗಿತ್ತು. ಸೀರೆ ಎತ್ತಿ ಕಟ್ಟಿದ ಹೆಂಗಸರು ಸಾಲಾಗಿ ಬಗ್ಗಿ ಅದರಲ್ಲಿ ನೆಲ್ಲಿನ ಸಸಿ ಹಚ್ಚುತ್ತಿದ್ದರು. ಹಚ್ಚಿದಲ್ಲೆಲ್ಲ ಬಿಳುಪು ಕರಗಿ, ಕೆಳಗಿನಿಂದ ಕರಿಗುಡ್ಡೆ ಮೆಲ್ಲಗೆ ತೇಲಿ ಬರುತ್ತಿತ್ತು. ಎಷ್ಟು ಚೆಂದ ಎಂದುಕೊಳ್ಳುವಷ್ಟರಲ್ಲಿ ಅವನ ನೋಟ ಎಡಗಣ್ಣಿನ ಕಡೆ ಹೊರಳಿತು. ಅಲ್ಲಿ ಸಸಿ ಕಿತ್ತ ಮಡಿಯ ಹಾಗೆ ಬರೀ ಕೆಸರು. ಬೆಚ್ಚಿ ಎದ್ದ. ಪಕ್ಕದಲ್ಲಿ ಯಶೋಧರಾ ಕಿಟಕಿಗೆ ತಲೆಯಾನಿಸಿ, ಕಾಣುವ ಒಂದೇ ಕಣ್ಣಿನಿಂದ ಕಾಲುವೆ ನೋಡುತ್ತಿದ್ದಳು.

ಈ ಕನಸನ್ನು ತಲೆಯಲ್ಲಿ ಬಿತ್ತಿದವರು ಸಿಂಧನೂರಿನ ಕಣ್ಣಿನ ಡಾಕ್ಟರು ಶಿವಪ್ರಸಾದ. ಕರಿಗುಡ್ಡೆಯ ಅಂಚಿನಲ್ಲಿ ಕಾಂಡಕೋಶಗಳಿರುತ್ತವೆ, ಕಣ್ಣಿನ ಮೇಲ್ಪದರ ಸವೆದಂತೆಲ್ಲ ಹೊಸದನ್ನು ಹುಟ್ಟಿಸುವುದು ಅವೇ, ಚಿಕ್ಕಂದಿನಲ್ಲಿ ಸುಣ್ಣ ಬಿದ್ದು ಬಲಗಣ್ಣಿನಲ್ಲಿ ಅವು ಸುಟ್ಟುಹೋಗಿವೆ ಎಂದಿದ್ದರು. ಎಡಗಣ್ಣಿನ ಅಂಚಿನಿಂದ ನುಚ್ಚಕ್ಕಿಯಷ್ಟು ತೆಗೆದು, ಮಡಿಯ ಸಸಿಯನ್ನು ಗದ್ದೆಗೆ ಹಚ್ಚಿದಂತೆ ಬಲಗಣ್ಣಿಗೆ ಹಚ್ಚಿದರೆ ನೋಟ ಬರಬಹುದು. ಹೈದರಾಬಾದಿನಲ್ಲಿ ಮಾಡುತ್ತಾರೆ. ನನ್ನ ಕಣ್ಣಿನಿಂದ ತೆಗೀರಿ ಎಂದು ಮುದುಕಪ್ಪ ಗೋಗರೆದ. ಬೇರೆಯವರದು ಮೈಗೆ ಒಗ್ಗುವುದು ಕಷ್ಟ, ಅವಳದೇ ಒಳ್ಳೆಯದು ಎಂದರು. ಒಳ್ಳೆಯ ಕಣ್ಣಿಗೆ ಅಪಾಯ ಬಹಳ ಕಡಿಮೆ ಎಂದರೇ ಹೊರತು ಇಲ್ಲವೇ ಇಲ್ಲ ಎನ್ನಲಿಲ್ಲ.

ಅಪ್ಪ ಮಗಳು ಏಳುವಾಗ ಡಾಕ್ಟರು ಇನ್ನೊಂದು ಮಾತು ಆಡಿದರು. ಸುಣ್ಣ ಬಿದ್ದ ಕೂಡಲೇ ಧಾರಾಳವಾಗಿ ನೀರು ಹಾಕಿ ತೊಳೆದಿದ್ದರೆ ಕಣ್ಣು ಇಷ್ಟು ಸುಡುತ್ತಿರಲಿಲ್ಲವಂತೆ.

ಮನೆಗಳಿಗೆ ಸುಣ್ಣ ಬಳಿಯುವುದೇ ಮುದುಕಪ್ಪನ ಹೊಟ್ಟೆಪಾಡು. ಸುಣ್ಣದ ಹರಳಿಗೆ ನೀರು ಬಿದ್ದರೆ ಕೊತಕೊತ ಕುದಿಯುವುದನ್ನು ದಿನಾ ಕಂಡವನು. ಪುಟ್ಟ ಯಶೋಧರಾಳ ಕಣ್ಣಿಗೆ ಸುಣ್ಣ ಸಿಡಿದು, ಅವಳು ಚೀರುತ್ತ ನೀರಿನ ಕೊಡದತ್ತ ಓಡಿದಾಗ, ನೀರು ತಾಗಿದರೆ ಕಣ್ಣೂ ಹಾಗೇ ಕುದ್ದುಹೋದೀತೆಂದು ರಟ್ಟೆ ಹಿಡಿದು ನಿಲ್ಲಿಸಿದ್ದ. ಔಡಲೆಣ್ಣೆ ಬಿಟ್ಟಿದ್ದ. ತಾನು ಹಿಡಿದದ್ದಕ್ಕೇ ಒಂದು ಕಣ್ಣಾದರೂ ಉಳಿಯಿತೆಂದು ಇಷ್ಟು ವರ್ಷ ನಂಬಿದ್ದ ಆ ಬಡಪಾಯಿ.

ಯಶೋಧರಾ ಲಿಂಗಸುಗೂರಿನ ಕಚೇರಿಯಲ್ಲಿ ಗುಮಾಸ್ತೆ. ರಜೆ ಹಾಕಿ ಬಂದು, ಒಂದು ಮುಂಜಾನೆ ಹೈದರಾಬಾದಿಗೆ ಹೊರಟೇಬಿಟ್ಟಳು. ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಮಂಜು ಕವಿದಿತ್ತು. ಗುಡ್ಡವಿಲ್ಲ, ಅಂಗಡಿಗಳಿಲ್ಲ, ಜನರು ಬರೀ ದನಿಗಳಾಗಿ ತೇಲುತ್ತಿದ್ದರು. ಅವಳ ಬಲಗಣ್ಣಿಗೆ ಲೋಕ ಯಾವಾಗಲೂ ಹೀಗೇ ಇರುತ್ತದೇನೋ ಎಂದುಕೊಂಡ ಮುದುಕಪ್ಪ. ಆದರೂ ಬಸ್ಸು ಬಂದು ನಿಂತಾಗ ಅವನ ಕೈ ತಾನಾಗಿಯೇ ಮಗಳ ರಟ್ಟೆ ಹಿಡಿಯಿತು.

“ಬ್ಯಾಡವ್ವಾ. ಇರೋದೊಂದು ಕಣ್ಣು. ಅದಕ್ಕ ಕತ್ತಿ ತಾಗಸೋದು ಬ್ಯಾಡ.”

ಅವಳು ಕೊಸರಲಿಲ್ಲ. ಕಾಣುವ ಕಣ್ಣು ಅವನ ಮೇಲೆ ನಿಲ್ಲುವಂತೆ ತಿರುಗಿ ನಿಂತಳು.

“ಯಪ್ಪಾ, ಆವತ್ತೂ ಹಿಂಗ ಹಿಡದಿದ್ದಿ. ನನಗ ನೆಪ್ಪೈತಿ.” ದನಿಯಲ್ಲಿ ಸಿಟ್ಟಿರಲಿಲ್ಲ. “ನನಗೇನೂ ಆಗಬಾರದಂತನ ಹಿಡದಿದ್ದಿ. ಈಗಾರ ಬಿಡು.”

ಬಿಡುವುದು ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ಕೊನೆಗೂ ಬೆರಳು ಸಡಿಲಿಸಿದ. ಯಶೋಧರಾ ಬಸ್ಸಿನ ಮೆಟ್ಟಿಲು ಹತ್ತಿದಳು. ಮುದುಕಪ್ಪ ಅವಳ ಚೀಲ ಎತ್ತಿಕೊಂಡು ಹಿಂದೆಯೇ ಹತ್ತಿದ.