ವಿಳಾಸವಿಲ್ಲದ ಫೈಲು

ನಮ್ಮ ಯಜಮಾನರು ಮೂವತ್ತಾರು ವರ್ಷ ತೈವಾನಿನ ತೈನಾನ್ ಊರಿನಲ್ಲಿ ಕುಟುಂಬ ನೋಂದಣಿಯ ಗುಮಾಸ್ತರಾಗಿದ್ದವರು. ಎದುರಿಗೆ ಯಾರೇ ಬರಲಿ, ಮೂರೇ ಪ್ರಶ್ನೆ: ಎಲ್ಲಿಂದ ಬಂದೆ, ಯಾರ ಮನೆಯವನು, ಎಷ್ಟು ದಿನದಿಂದ ಇದ್ದೀಯ. ಹುಟ್ಟುಗುಣ ಸುಟ್ಟರೂ ಹೋಗದು. ನಿವೃತ್ತಿಯಾಗಿ ಜನ ಸಿಗದಾದಾಗ ಅವನ್ನೇ ಮನೆಯ ಕಂಪ್ಯೂಟರಿಗೆ ಕೇಳತೊಡಗಿದರು.

ಅದರೊಳಗಿನ ಫೈಲುಗಳಿಗೆಲ್ಲ ಒಂದು ನೋಟುಪುಸ್ತಕ ಮಾಡಿದರು. ಹೆಸರು, ಬಂದ ತಾರೀಖು. ಪೂರ್ವಾಪರ ತಿಳಿಯದ್ದಕ್ಕೆ ಕೆಂಪು ಮೊಹರು.

"ಮಾವ, ಗೊತ್ತಿಲ್ದೇ ಇರೋದನ್ನ ಮುಟ್ಬೇಡಿ," ಎಂದಳು ಸೊಸೆ ಪೇಶಾನ್.

"ಗೊತ್ತಿಲ್ದೋರ್ನೆಲ್ಲ ಇಟ್ಕೊಳ್ಳೋಕೆ ಇದೇನು ಛತ್ರಾನಮ್ಮಾ?"

ಅದೇ ಕಂಪ್ಯೂಟರಿನಲ್ಲಿ ಅವರು ಆರು ವರ್ಷದಿಂದ ಚುವಾಂಗ್ ಮನೆತನದ ವಂಶಾವಳಿ ಬರೆಯುತ್ತಿದ್ದರು. ಚಿಂಗ್‌ಮಿಂಗ್ ದಿನ ಹಿರಿಯರ ಸಮಾಧಿಗಳನ್ನು ಗುಡಿಸಿ ಪೂಜಿಸಲು ಸೇರುವ ಅರವತ್ತು ಮನೆಗಳಿಗೆ ಅದನ್ನು ಹಂಚಬೇಕು. ಹಳೆಯ ವಂಶಾವಳಿಯಲ್ಲಿ ಹೆಂಗಸರಿಗೆ ಹೆಸರಿಲ್ಲ. 'ಲಿನ್ ಮನೆಯ ಹೆಣ್ಣು', 'ಕೋ ಮನೆಯ ಹೆಣ್ಣು' ಎಂದು ತವರಿನ ಹೆಸರು, ಅಷ್ಟೇ. 'ಲೋ ಮನೆಯ ಹೆಣ್ಣಾ'ಗಿ ನಾನು ಸಾಯಲಾರೆ ಎಂದು ಒಲೆ ಹಚ್ಚುವುದನ್ನೇ ನಿಲ್ಲಿಸಿದೆ. ನಮ್ಮ ಬೀದಿಯ ಅಂಗಡಿಯ ಮೀನುಗಂಜಿ ನನ್ನದಕ್ಕಿಂತ ರುಚಿ. ಹಾಗಾಗಿ ಅವರು ಒಪ್ಪಲು ಮೂರು ವಾರ ಹಿಡಿಯಿತು.

ನನ್ನ ಹೆಸರು ಯೂನ್. ನಾಟಿ ವೈದ್ಯನಾಗಿದ್ದ ಅಪ್ಪ ಯಾವುದೋ ಹಳೆಯ ಗ್ರಂಥದಿಂದ ಹೆಕ್ಕಿದ, ಇಪ್ಪತ್ತೆರಡು ಗೀಟಿನ ಒಂದೇ ಚೀನೀ ಅಕ್ಷರ. ಕಂಪ್ಯೂಟರಿಗೆ ಅದು ಗೊತ್ತೇ ಇರಲಿಲ್ಲ. ಪೇಶಾನ್ ಒಂದು ಭಾನುವಾರವಿಡೀ ಕೂತು, ಒಂದೊಂದೇ ಗೀಟೆಳೆದು, ಆ ಅಕ್ಷರ ಮಾಡಿ ಒಳಗೆ ಸೇರಿಸಿದಳು. ಪುಟದ ಮೇಲೆ ನನ್ನ ಹೆಸರು ಮೂಡಿದಾಗ ಅತ್ತುಬಿಟ್ಟೆ. ಸುಳ್ಳೇಕೆ ಹೇಳಲಿ.

ಚಿಂಗ್‌ಮಿಂಗ್‌ನ ಹಿಂದಿನ ದಿನ ಯಜಮಾನರು ಅರವತ್ತು ಪ್ರತಿ ತೆಗೆದು, ಹೊಲಿಸಿಕೊಂಡು ಬಂದರು. ನಾನು ನಮ್ಮ ಪುಟ ತೆರೆದೆ. ಅವರ ಹೆಸರಿನ ಪಕ್ಕದಲ್ಲಿ 'ಲೋ', ಆಮೇಲೆ ಒಂದು ಖಾಲಿ ಚೌಕ.

"ರೀ, ನನ್ನ ಹೆಸರೆಲ್ಲಿ?"

ಪೇಶಾನ್ ಓಡಿಹೋಗಿ ನೋಟುಪುಸ್ತಕ ತಿರುವಿದಳು. "ಮಾವ, ಈ ಕೆಂಪು ಮೊಹರಿನ ಫೈಲು ಏನ್ಮಾಡಿದ್ರಿ?"

"ಅದಾ? ಎಲ್ಲಿಂದ ಬಂತೋ, ಯಾರದ್ದೋ. ಒಂದೂವರೆ ವರ್ಷದಿಂದ ಬಿಟ್ಟಿ ಬಿದ್ದಿತ್ತು. ಹೋದ ವಾರ ಓಡಿಸ್ದೆ."

"ಅಯ್ಯೋ, ನಾನು ಮಾಡಿದ ಅತ್ತೆ ಹೆಸರಿನ ಅಕ್ಷರ ಇದ್ದಿದ್ದೇ ಅದರಲ್ಲಿ!"

ಅಕ್ಷರವನ್ನು ಅವಳು ಇನ್ನೊಮ್ಮೆ ಮಾಡಿಯಾಳು. ಹೊಲಿದ ಅರವತ್ತು ಪುಸ್ತಕಗಳನ್ನು ಬೆಳಗಾಗುವುದರೊಳಗೆ ಮತ್ತೆ ಮಾಡಲಾದೀತೇ?

"ಹೋಗ್ಲಿ ಬಿಡೇ," ಎಂದರು ಯಜಮಾನರು. "ಆ ಚೌಕ ಯಾರು ಅಂತ ಎಲ್ರಿಗೂ ಗೊತ್ತು."

ನನಗೆ ಮೈಯೆಲ್ಲ ಉರಿದುಹೋಯಿತು. ಪುಸ್ತಕಗಳನ್ನೂ ಪೆನ್ನನ್ನೂ ತಂದು ಅವರ ಮುಂದೆ ಕುಕ್ಕಿದೆ. "ಅರವತ್ತರಲ್ಲೂ ಕೈಯಲ್ಲೇ ಬರೀರಿ. ಮುಗಿಯೋವರ್ಗೂ ಏಳೋ ಹಾಗಿಲ್ಲ."

ತಪ್ಪು ತಮ್ಮದೆಂದು ಗೊತ್ತಿತ್ತು, ತೆಪ್ಪಗೆ ಕೂತರು. ಕನ್ನಡಕ ಒರೆಸಿಕೊಂಡರು. ಚೌಕದ ಮೇಲೆ ಎರಡು ಗೀಟು ಎಳೆದರು. ಪೆನ್ನು ಅಲ್ಲೇ ನಿಂತಿತು. ಅರ್ಧ ಊರಿನ ಹೆಸರುಗಳನ್ನು ಬರೆದ ಕೈ ಅದು. ನಲವತ್ತೊಂದು ವರ್ಷದಿಂದ ನನ್ನನ್ನು ಮಾತ್ರ 'ಏಯ್' ಎಂದೇ ಕರೆದವರು.

"ಏಯ್," ಎಂದರು, ತಲೆ ಎತ್ತದೆ. "ನಿನ್ನ ಗುರುತಿನ ಚೀಟಿ ಸ್ವಲ್ಪ ಕೊಡ್ತೀಯಾ?"