ಅಗಸಿಯ ಮುಂದೆ

“ನೋಡ, ಅದ ನಮ್ಮ ಅಗಸಿ,” ಎಂದು ಬಾಯವ್ವ ಕುರ್ಚಿಯ ತುದಿಗೆ ಸರಿದಳು. “ಆ ಎಡಗಡಿ ಕಲ್ಲಿನ ಮ್ಯಾಲೆ ನಾ ರೊಟ್ಟಿ ಬುಟ್ಟಿ ಇಳಸ್ತಿದ್ದೆ.”

ರಾಮದುರ್ಗದ ಭಾರ್ಗವನ ಅಂಗಡಿಯ ದೊಡ್ಡ ಪರದೆಯ ಮೇಲೆ ತೊರಗಲ್ ಕೋಟೆಯ ಹೆಬ್ಬಾಗಿಲು ನಿಂತಿತ್ತು. ಕಲ್ಲಿನ ಸಂದಿಯ ಹುಲ್ಲು, ಗಿಳಿಗಳ ಪೊಟರೆ, ಗೋಡೆಯ ಬಿರುಕು, ಯಾವುದೂ ತಪ್ಪಿರಲಿಲ್ಲ. ಬಾಯವ್ವನ ಮಗಳು ಮಹಾನಂದಾ ಕೈಯಲ್ಲಿದ್ದ ಚಹಾ ಮರೆತು ಕೂತಿದ್ದಳು. ಹುಟ್ಟಿದಾಗಿನಿಂದ ನೋಡಿದ ಬಾಗಿಲು ಇಷ್ಟು ಚೆಂದ ಇತ್ತೆಂದು ಅವಳಿಗೆ ಈಗ ತಿಳಿಯುತ್ತಿತ್ತು. ಭಾರ್ಗವ ಪರದೆಯ ಹತ್ತಿರ ಬಾಗಿ ಒಂದೊಂದೇ ಕಲ್ಲು ನೋಡುತ್ತಿದ್ದ. ಅವನ ಅಜ್ಜ ಪಂಚಾಂಗ ಹೇಳುತ್ತಿದ್ದವರು. ಮೊಮ್ಮಗ ಝೆರಾಕ್ಸ್ ತೆಗೆಯುತ್ತಾನೆ, ಬಿಡುವಾದಾಗ ಗೇಮ್ ಆಡುತ್ತಾನೆ; ಜನ ಮಾತ್ರ ಅವನನ್ನೂ ಆಚಾರ್ರೇ ಎನ್ನುತ್ತಾರೆ.

ಎರಡು ವರ್ಷದ ಹಿಂದೆ ಗೇಮ್ ಕಂಪನಿಯವರು ಊರಿಗೆ ಬಂದು ಕೋಟೆಯ ಒಂದೊಂದು ಕಲ್ಲಿನ ಫೋಟೊ ತೆಗೆದಿದ್ದರು. ಹೋಗುವ ದಿನ, ಕಣದಲ್ಲಿ ಎತ್ತು ತಿರುಗಿಸುತ್ತ ಹಾಡುವ ಹಂತಿ ಪದವನ್ನು ಬಾಯವ್ವನ ಗಂಡ ಶಟ್ಟೆಪ್ಪನಿಂದ ಹಾಡಿಸಿ ಯಂತ್ರದಲ್ಲಿ ತುಂಬಿಕೊಂಡಿದ್ದರು. ಹೋದ ವರ್ಷ ಆಷಾಢದಲ್ಲಿ ಶಟ್ಟೆಪ್ಪ ತೀರಿಕೊಂಡ. ಮನೆಯಲ್ಲಿ ಅವನ ಫೋಟೊ ಇತ್ತು, ಧ್ವನಿ ಇರಲಿಲ್ಲ. ಗೇಮಿನ ಜಾಹೀರಾತಿನಲ್ಲಿ ಅರ್ಧ ಸಾಲು ಬಂದಾಗ ಬಾಯವ್ವ ಮಗಳ ಫೋನನ್ನು ಇಡೀ ದಿನ ಕಿವಿಯಿಂದ ತೆಗೆದಿರಲಿಲ್ಲ. ಪೂರ್ತಿ ಪದ ಗೇಮಿನಲ್ಲಿ ಅಗಸಿಯ ಒಳಗಿನ ಕಣದಲ್ಲಿದೆಯಂತೆ ಎಂದು ಭಾರ್ಗವ ಹೇಳಿದ ಮೇಲೆ ತಾಯಿ ಮಗಳು ಬೆಳಗಿನ ಮೊದಲ ಬಸ್ಸಿಗೇ ಬಂದಿದ್ದರು.

ಭಾರ್ಗವ ತನ್ನ ಆಟದ ಮನುಷ್ಯನನ್ನು ಬಾಗಿಲಿನ ತನಕ ನಡೆಸಿದ. ಬಾಗಿಲು ತೆರೆಯಲಿಲ್ಲ. ಅದರ ಮೇಲೆ ಬಂಗಾರದ ಅಕ್ಷರ ಮೂಡಿದವು.

“ಏನಂತ್ರಿ?” ಎಂದಳು ಮಹಾನಂದಾ.

“ಗೇಮ್ ಬಿಡುಗಡಿಗಿಂತ ಮೊದಲ ಬುಕ್ ಮಾಡಿದವರಿಗೆ ಅಷ್ಟ ತಗೀತದಂತ,” ಭಾರ್ಗವನ ಮುಖ ಕೆಂಪಾಯಿತು. “ಈಗ ರೊಕ್ಕ ಕೊಡತೇನಂದ್ರೂ ಇಲ್ಲ. ಡಬ್ಬಿ ಮ್ಯಾಲೆ ಇದ ಅಗಸಿ ಚಿತ್ರ ಹಾಕ್ಯಾರ, ಜಾಹೀರಾತಿನ್ಯಾಗ ಇದ ಹಾಡು ಹಾಕ್ಯಾರ, ಒಳಗ ಮಾತ್ರ ಬಿಡಂಗಿಲ್ಲಂತ.”

ಊಟಕ್ಕೆ ಕರೆದು ಎಲೆ ಕಿತ್ತುಕೊಂಡ ಹಾಗಾಯಿತು. ಭಾರ್ಗವ ಕಂಪನಿಗೆ ಫೋನ್ ಹಚ್ಚಿದ. ನಿಮ್ಮ ಅನಿಸಿಕೆ ನಮಗೆ ಅಮೂಲ್ಯ ಎಂದಿತು ಒಂದು ಇಂಪಾದ ಧ್ವನಿ. “ಹಾಡಿದವರ ಹೇಣ್ತಿ ಇಲ್ಲೇ ಕುಂತಾಳಂತ ಹೇಳ್ರಿ,” ಎಂದಳು ಮಹಾನಂದಾ. ಅವನು ಹೇಳಿದ. ಆ ಧ್ವನಿ ಮತ್ತೆ ಅದನ್ನೇ ಹೇಳಿತು.

ಬಾಯವ್ವನಿಗೆ ಇದೊಂದೂ ಗೊತ್ತಾಗಲಿಲ್ಲ. ಬಾಗಿಲು ಹಾಕಿದೆ, ಅದರ ಮೇಲೆ ಏನೋ ಬರೆದಿದೆ, ಅಷ್ಟೇ ಕಂಡದ್ದು.

“ಆಚಾರ್ರ, ಅದು ಹೆಸರ ಕೇಳಾಕ ಹತ್ತೈತೇನ್ರಿ?”

ಆ ಕಡೆ ಮದುವೆಯಾಗಿ ಬಂದ ಹೆಣ್ಣನ್ನು ಗಂಡನ ಮನೆಯವರು ಹೊಸ್ತಿಲಲ್ಲೇ ತಡೆಯುತ್ತಾರೆ. ಗಂಡನ ಹೆಸರು ಕೂಡಿಸಿ ಎರಡು ಸಾಲಿನ ಒಡಪು ಹೇಳಿದರೇ ಒಳಗೆ ಬಿಡುವುದು. ಬಾಯವ್ವ ತನ್ನ ಗಂಡನ ಹೆಸರು ಹೇಳಿದ್ದು ಆ ದಿನ ಒಂದು ಸಲ. ಆಮೇಲೆ ನಲವತ್ತೆರಡು ವರ್ಷ ‘ಇವರ’, ‘ಮಹಾನಂದಾನ ಅಪ್ಪ’, ಅಷ್ಟರಲ್ಲೇ ಸಂಸಾರ ನಡೆದಿತ್ತು. ಭಾರ್ಗವ ಕುರ್ಚಿ ಸರಿಸಿ ಪರದೆಯ ಎದುರು ಅವಳಿಗೆ ಜಾಗ ಮಾಡಿದ.

ಅವಳು ಎದ್ದು ಚಪ್ಪಲಿ ಬಿಟ್ಟಳು. ಕಣಕ್ಕೆ ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ತಲೆ ತುಂಬ ಸೆರಗು ಹೊದ್ದು ಪರದೆಯ ಎದುರು ನಿಂತಳು.

“ಹೊಳಿಯ ದಂಡ್ಯಾಗ ಹಾಲ್ದೆನಿ ಬಿಳಿಜೋಳ,
ಶಟ್ಟೆಪ್ಪನ ಹೆಸರ ಹೇಳೇನಿ, ತಗೀರಿ ಬಾಗಿಲ.”

ಮಹಾನಂದಾ ಮುಖ ತಿರುಗಿಸಿಕೊಂಡಳು. ಬಾಗಿಲು ಹಾಗೇ ಇತ್ತು. ಸುಮ್ಮನೆ ಕೂರಲು ನಾಚಿಕೆಯಾಗಿ ಭಾರ್ಗವ ಆಟದ ಮನುಷ್ಯನನ್ನು ಇನ್ನಷ್ಟು ಮುಂದೆ ದೂಡಿದ. ಮನುಷ್ಯನ ಹಣೆ ಬಾಗಿಲಿಗೆ ತಾಗಿ ನಿಂತಿತು.

ಆಗ ಕೇಳಿತು. ಮೊದಲು ಎತ್ತಿನ ಕೊರಳ ಗಂಟೆ. ಅದರ ಹಿಂದೆ, ಕಟ್ಟಿಗೆಯ ಬಾಗಿಲಿನ ಆಚೆಯಿಂದ, ಸಣ್ಣಗೆ ಒಂದು ಗಂಡು ದನಿ. ಬಾಗಿಲಿಗೆ ಬೀಗ ಹಾಕಿದವರು ದನಿಗೆ ಹಾಕುವುದನ್ನು ಮರೆತಿದ್ದರು. ಭಾರ್ಗವ ಫ್ಯಾನ್ ಆರಿಸಿದ. ಪದ ಏರಿತು, ಇಳಿಯಿತು, ನಡುವೆ ಒಂದು ಕೆಮ್ಮು ಬಂತು, ಮತ್ತೆ ಏರಿತು. ಮಹಾನಂದಾ ಚಹಾದ ಲೋಟ ಕೆಳಗಿಟ್ಟಳು.

“ಅಪ್ಪನ ಕೆಮ್ಮ,” ಎಂದಳು ಮೆಲ್ಲಗೆ. “ಹಂಗ ಬಿಟ್ಟಾರ.”

ಆಧಾರ್ ಕಾರ್ಡ್ ಹಿಡಿದು ಝೆರಾಕ್ಸಿಗೆ ಬಂದವನೊಬ್ಬ ಬಾಯಿ ತೆರೆಯುವಷ್ಟರಲ್ಲಿ ಭಾರ್ಗವ ಕೈಸನ್ನೆ ಮಾಡಿದ. ಬಂದವನು ಹಾಡು ಕೇಳಿ ಅಂಗಡಿಯ ಬಾಗಿಲಲ್ಲೇ ಟೋಪಿ ತೆಗೆದು ನಿಂತ.

“ಅವ್ವಾರ, ಹ್ಯಾಂಗರ ಮಾಡಿ ಒಳಗ ಹೋಗೋ ದಾರಿ ಹುಡುಕತೇನ್ರಿ,” ಎಂದ ಭಾರ್ಗವ.

“ಬ್ಯಾಡ್ರಿ ಆಚಾರ್ರ. ಹಂತಿ ನಡದಾಗ ನಡುವ ಕರೀಬಾರದು.” ಬಾಯವ್ವ ಪರದೆಯ ಕೆಳಗೆ, ಎಡಗಡೆಯ ಕಲ್ಲಿನ ಹತ್ತಿರ, ನೆಲದ ಮೇಲೆ ಕೂತಳು. “ಒಳಗ ಅದಾರಲ್ಲ. ಮುಗಿಸಿ ಬರ್ಲಿ.”

ತಂದಿದ್ದ ರೊಟ್ಟಿಯ ಗಂಟನ್ನು ಮಗ್ಗುಲಲ್ಲಿ ಇಳಿಸಿ, ಅದರ ಮೇಲೆ ಕೈ ಇಟ್ಟುಕೊಂಡಳು. ಒಳಗೆ ಎತ್ತುಗಳು ಸುತ್ತು ಬರುತ್ತಿದ್ದವು.