ಕಿಟಕಿಯ ಪಕ್ಕದ ಜಾಗ

ಏಳನೇ ತರಗತಿಯ ವಿಜ್ಞಾನದ ಪ್ರಶ್ನೆಪತ್ರಿಕೆ ಇನ್ನೇನು ಮುಗಿಯಿತು ಎನ್ನುವಾಗ ಕಂಪ್ಯೂಟರ್ ಮತ್ತೆ ತಾನಾಗಿಯೇ ಆರಿಹೋಯಿತು. ಗಂಗರತ್ನಮ್ಮ ತಲೆಯೆತ್ತಿ ನೋಡಿದಳು. ಬಲ್ಬು ಉರಿಯುತ್ತಲೇ ಇತ್ತು. ಕಂಪ್ಯೂಟರಿನ ಡಬ್ಬದ ಮೇಲೆ ಕೈಯಿಟ್ಟರೆ ಇಸ್ತ್ರಿಪೆಟ್ಟಿಗೆಯ ಹಾಗೆ ಸುಡುತ್ತಿತ್ತು.

ಆಂಡರ್ಸನ್‌ಪೇಟೆಯ ಆ ಪುಟ್ಟ ಮನೆಯಲ್ಲಿ ಇದ್ದವರು ಅವಳು, ಅವಳ ಅತ್ತೆ ಅಕ್ಕಯ್ಯಮ್ಮ, ಇಬ್ಬರೇ. ಗಂಡ ತೀರಿಕೊಂಡ ವರ್ಷ ತವರಿಗೆ ಹೊರಟುನಿಂತ ಸೊಸೆಯ ಕೈಯಿಂದ ಟ್ರಂಕು ಕಸಿದುಕೊಂಡು ಒಳಗಿಟ್ಟವಳು ಅಕ್ಕಯ್ಯಮ್ಮ. ಟೈಪಿಂಗ್ ಕ್ಲಾಸಿಗೆ ಕಳಿಸಿದವಳೂ ಅವಳೇ. ಬೂರುಗದ ಹತ್ತಿ ಬಿಡಿಸಿ, ದಿಂಬು ತುಂಬಿ ಕೂಡಿಟ್ಟದ್ದರಲ್ಲಿ ಈ ಹಳೇ ಕಂಪ್ಯೂಟರ್ ತರಿಸಿಕೊಟ್ಟಿದ್ದಳು. ತೊಂಬತ್ತೆಂಟರ ಆ ಬೇಸಿಗೆಯಲ್ಲಿ ಶಾಲೆಯವರ ಕೆಲಸ ಆಗಷ್ಟೇ ಕೈಗೆ ಹತ್ತಿತ್ತು. ನಾಳೆ ಬೆಳಿಗ್ಗೆ ಪತ್ರಿಕೆ ಕೊಡದಿದ್ದರೆ ಬಂಗಾರಪೇಟೆಯ ಪ್ರೆಸ್ಸಿಗೇ ಹೋಗುತ್ತೇವೆ ಎಂದು ಅವರು ಹೇಳಿಬಿಟ್ಟಿದ್ದರು.

ಗಂಗರತ್ನಮ್ಮ ಆಟೋ ಹಿಡಿದು ರಾಬರ್ಟ್‌ಸನ್‌ಪೇಟೆಗೆ ಹೋಗಿ, ಟೀವಿ ರಿಪೇರಿಯ ಕುಪ್ಪುಸ್ವಾಮಿಯನ್ನು ಕರೆತಂದಳು. ಊಟಕ್ಕೆ ಹೊರಟಿದ್ದವನು ಅವಳ ಮುಖ ನೋಡಿ, ಏನೂ ಕೇಳದೆ ಬಂದಿದ್ದ. ಕಂಪ್ಯೂಟರ್ ಗೋಡೆಯ ಗೂಡಿನೊಳಗಿತ್ತು. ದೂಳು ಕೂರದಿರಲೆಂದು ಅಕ್ಕಯ್ಯಮ್ಮ ಅದಕ್ಕೆ ಕಂಬಳಿಯ ತುಂಡೊಂದನ್ನು ಹೊದಿಸಿದ್ದಳು.

ಕುಪ್ಪುಸ್ವಾಮಿ ಪ್ಲಗ್ಗು ಕಿತ್ತು, ಡಬ್ಬವನ್ನು ಜಗಲಿಗೆ ಹೊತ್ತುಕೊಂಡು ಹೋಗಿ ತಿರುಪು ಬಿಚ್ಚಿದ. ಒಳಗಿನ ಫ್ಯಾನಿನ ರೆಕ್ಕೆಗಳೇ ಕಾಣದಷ್ಟು ಹತ್ತಿಯ ಬಿಳಿಯ ನಾರು ಸುತ್ತಿಕೊಂಡಿತ್ತು.

"ಏನೂ ಕೆಟ್ಟಿಲ್ಲ ತಂಗಚ್ಚಿ. ಉಸಿರಾಡಕ್ಕೆ ದಾರಿ ಇಲ್ಲ, ಅಷ್ಟೇ," ಎಂದು ಬ್ರಶ್ಶಿನಿಂದ ಮೆಲ್ಲಗೆ ಕೆದಕಿ, ಬ್ಲೋವರ್ ಹಿಡಿದ. "ಗೂಡಲ್ಲಿ ಇಡಬ್ಯಾಡ. ಕಿಟ್ಕಿ ತಾವ, ಗೋಡೆಗೆ ತಗಲ್ದಂಗೆ ಇಡು. ಓಡ್ತಿರುವಾಗ ಬಟ್ಟೆ ಒದಿಸಬ್ಯಾಡ."

ಗಂಗರತ್ನಮ್ಮ ಆ ನಾರಿನ ಉಂಡೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದಳು. ಒಳಗೆ ಅತ್ತೆ ಕೆಮ್ಮಿದಳು. ದಿನವೂ ಕೇಳುತ್ತಿದ್ದ ಅದೇ ಉಬ್ಬಸದ ಕೆಮ್ಮು. ಗಂಗರತ್ನಮ್ಮ ಉಂಡೆಯನ್ನು ಹಿಡಿದೇ ಒಳಗೆ ಹೋದಳು.

"ಅತ್ತೆ, ಇನ್ಮೇಲೆ ಅತ್ತಿ ಕೆಲ್ಸ ಒಳಗೆ ಬ್ಯಾಡ. ಇದೇ ನಿಮ್ಮ ಎದೆಗೂ ಓಗಿರೋದು."

"ನಂದಿರ್ಲಿ ಕಣಮ್ಮಿ. ಅದುಕ್ಕೆ ಕಿಟ್ಕಿ ಬೇಕಂತಲ್ಲ, ನನ್ನ ಮಂಚ ಮೂಲೆಗೆ ಎಳಿ."

ಮನೆಗಿದ್ದದ್ದು ಅದೊಂದೇ ಕಿಟಕಿ. ಅಲ್ಲಿ ತಲೆಯಿಟ್ಟರೆ ಮಾತ್ರ ಅಕ್ಕಯ್ಯಮ್ಮನಿಗೆ ನಿದ್ದೆ.

"ನೀವು ಉಸಿರಿಗೆ ಒದ್ದಾಡೋದಾದ್ರೆ ನಂಗೆ ಈ ಕೆಲ್ಸವೇ ಬ್ಯಾಡ," ಎಂದಳು ಗಂಗರತ್ನಮ್ಮ. "ಅವತ್ತು ನೀವು ಟ್ರಂಕು ಇಸ್ಕೊಳ್ದೆ ಓಗಿದ್ರೆ ನಾನೆಲ್ಲಿರ್ತಿದ್ದೆ?"

ಅಷ್ಟು ವರ್ಷಗಳಲ್ಲಿ ಆ ಮಾತನ್ನು ಅವಳು ಬಾಯಿಬಿಟ್ಟು ಆಡಿರಲಿಲ್ಲ. ಅಕ್ಕಯ್ಯಮ್ಮ ಸೆರಗಿನಿಂದ ಮೂಗೊರೆಸಿಕೊಂಡು, "ಮುದ್ದೆ ಆರೋಗ್ತದೆ, ಆ ಅಣ್ಣಂಗೆ ಊಟಕ್ಕಿಕ್ಕು," ಎಂದಳು.

ಊಟವಾದ ಮೇಲೆ ಮೂವರೂ ಸೇರಿ ಮಂಚವನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿದರು. ಕಿಟಕಿಯ ಅರ್ಧಕ್ಕೆ ಅತ್ತೆಯ ದಿಂಬು ಬಂತು, ಉಳಿದರ್ಧಕ್ಕೆ ಕಂಪ್ಯೂಟರ್ ಇಟ್ಟ ಮೇಜು. ಹತ್ತಿಯ ಮೂಟೆಗಳು ಹಿತ್ತಲಿನ ತಗಡಿನ ಚಪ್ಪರ ಸೇರಿದವು.

ಸಂಜೆಯ ಹೊತ್ತಿಗೆ ಪ್ರಶ್ನೆಪತ್ರಿಕೆ ಮುಗಿಯಿತು. ಕಂಪ್ಯೂಟರ್ ಒಮ್ಮೆಯೂ ಆರಲಿಲ್ಲ. ಪ್ರಿಂಟರ್ ಕರಕರ ಸದ್ದು ಮಾಡುತ್ತಾ ಹಾಳೆಗಳನ್ನು ಹೊರಗೆ ತಳ್ಳತೊಡಗಿತು. ಮಂಚದ ಮೇಲೆ ಕುಳಿತ ಅಕ್ಕಯ್ಯಮ್ಮ ಒಂದೊಂದನ್ನೇ ತೆಗೆದು ಮಡಿಲಲ್ಲಿಟ್ಟುಕೊಂಡಳು. ಕಿಟಕಿಯಿಂದ ಗಾಳಿ ಬೀಸಿ ಹಾಳೆಗಳ ಅಂಚು ಎದ್ದಿತು. ಅವಳು ಅಂಗೈ ಅಗಲಿಸಿ ಅವುಗಳ ಮೇಲಿಟ್ಟು, ಮುಂದಿನ ಹಾಳೆಗಾಗಿ ಇನ್ನೊಂದು ಕೈ ಚಾಚಿದಳು.